ಬಸಿರಿನ ತೀವ್ರ ವಾಂತಿ: ತಡೆದುಕೊಳ್ಳುವುದಾ, ಮಾತ್ರೆಯಾ, ಡ್ರಿಪ್ಪಾ?

ಬಸಿರಿನಲ್ಲಿ ಹೊಟ್ಟೆ ತೊಳಸುವುದು ಎಲ್ಲರಿಗೂ ಗೊತ್ತಿರುವ ವಿಷಯ. ಹತ್ತು ಬಸುರಿಯರಲ್ಲಿ ಏಳೆಂಟು ಜನರಿಗೆ ಸ್ವಲ್ಪವಾದರೂ ಆಗುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ. ಎಲ್ಲರಿಗೂ ಆಗುತ್ತದೆ ಅಂತ ಗೊತ್ತಿರುವುದರಿಂದ, ದಿನಕ್ಕೆ ಹತ್ತು ಹದಿನೈದು ಸಲ ವಾಂತಿ ಮಾಡಿಕೊಂಡು, ಗುಟುಕು ನೀರೂ ನಿಲ್ಲದೆ ಮಲಗಿರುವವರಿಗೂ ‘ಮೂರು ತಿಂಗಳು ಕಳೆದರೆ ಸರಿಹೋಗುತ್ತೆ ಬಿಡು’ ಎನ್ನುವ ಮಾತೇ ಸಿಗುತ್ತದೆ. ಆದರೆ ಅದು ಮಾಮೂಲಿ ವಾಂತಿಯಲ್ಲ, ಕಾಯಿಲೆ. ಡಾಕ್ಟರುಗಳು ಅದನ್ನು ಹೈಪರೆಮೆಸಿಸ್ ಗ್ರಾವಿಡಾರಮ್ ಎನ್ನುತ್ತಾರೆ, ಚಿಕ್ಕದಾಗಿ ಎಚ್‌ಜಿ. ಸಾವಿರ ಬಸುರಿಯರಲ್ಲಿ 3ರಿಂದ 30 ಜನರಿಗೆ ಬರುತ್ತದೆ ಎನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ.

ಇದಕ್ಕೆ ಏನು ಮಾಡುವುದು ಅಂತ ಮನೆಯವರೆಲ್ಲ ಕೂತು ಯೋಚಿಸುವಾಗ ಹೋಲಿಕೆ ಹೀಗೆ ನಡೆಯುತ್ತದೆ: ಒಂದು ಕಡೆ ‘ಮಾತ್ರೆ ತೆಗೆದುಕೊಂಡರೆ ಮಗುವಿಗೆ ಏನಾದರೂ ಆದೀತಾ?’ ಎನ್ನುವ ಭಯ. ಇನ್ನೊಂದು ಕಡೆ ಖಾಲಿ. ಏನೂ ತೆಗೆದುಕೊಳ್ಳದಿದ್ದರೆ ಏನೂ ಅಪಾಯವಿಲ್ಲ ಎಂದು ನಾವೇ ಅಂದುಕೊಂಡುಬಿಡುತ್ತೇವೆ. ಆ ಖಾನೆ ಖಾಲಿ ಅಲ್ಲ. ಸುಮ್ನೆ ತಡೆದುಕೊಳ್ಳುವುದೂ ಒಂದು ಆಯ್ಕೆಯೇ, ಅದಕ್ಕೂ ಅಡ್ಡಪರಿಣಾಮಗಳಿವೆ. ಅದಕ್ಕೇ ಈ ಹೋಲಿಕೆಯಲ್ಲಿ ಅದನ್ನೂ ಉಳಿದವುಗಳ ಸಾಲಿನಲ್ಲೇ ಇಟ್ಟಿದ್ದೇನೆ.

ಮೊದಲು, ನಿಮ್ಮದು ಎಷ್ಟು ತೀವ್ರ?

ಯಾವ ದಾರಿ ಅನ್ನುವುದು ಇದರ ಮೇಲೆ ನಿಂತಿದೆ. ಡಾಕ್ಟರುಗಳು ಬಳಸುವ ಒಂದು ಸುಲಭದ ಅಳತೆಗೆ ಪ್ಯೂಕ್ ಸ್ಕೋರ್ ಅಂತ ಹೆಸರು. ಮೂರೇ ಪ್ರಶ್ನೆ. ಕಳೆದ 24 ಗಂಟೆಯಲ್ಲಿ ಎಷ್ಟು ಹೊತ್ತು ಹೊಟ್ಟೆ ತೊಳಸಿತು? ಎಷ್ಟು ಸಲ ವಾಂತಿ ಆಯಿತು? ಏನೂ ಹೊರಗೆ ಬಾರದೆ ಬರೀ ವಾಕರಿಕೆ ಎಷ್ಟು ಸಲ ಬಂತು? ಒಂದೊಂದಕ್ಕೂ 1ರಿಂದ 5 ಅಂಕ. ಏನೂ ಆಗಿಲ್ಲವೆಂದರೆ 1. ಆರು ಗಂಟೆಗಿಂತ ಜಾಸ್ತಿ ತೊಳಸಿದ್ದರೆ 5. ಏಳು ಸಲ ಅಥವಾ ಅದಕ್ಕಿಂತ ಹೆಚ್ಚು ವಾಂತಿ ಆಗಿದ್ದರೆ 5, ವಾಕರಿಕೆಗೂ ಅದೇ ಲೆಕ್ಕ. ಮೂರನ್ನೂ ಕೂಡಿದಾಗ 6ರ ಒಳಗೆ ಇದ್ದರೆ ಕಡಿಮೆ, 7ರಿಂದ 12 ಮಧ್ಯಮ, 13 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ.

ಇದರಲ್ಲಿ ಒಂದು ಮೋಸ ಇದೆ. ಭಯಕ್ಕೆ ಊಟ ನೀರು ಎಲ್ಲ ಬಿಟ್ಟು ಕಣ್ಣು ಮುಚ್ಚಿ ಮಲಗಿದವರಿಗೆ ವಾಂತಿ ಕಡಿಮೆ ಆಗಿರುತ್ತದೆ. ಅಂಕವೂ ಇಳಿಯುತ್ತದೆ. ಪರಿಸ್ಥಿತಿ ಮಾತ್ರ ಕೆಟ್ಟಿರುತ್ತದೆ. ಹಾಗಾಗಿ ಅಂಕದ ಜೊತೆ ತೂಕವನ್ನೂ ನೋಡಬೇಕು. ಬಸಿರಿಗೆ ಮುಂಚಿನ ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದಿದ್ದರೆ ಅದು ಎಚ್ಚರಿಕೆಯ ಗಂಟೆ. 60 ಕಿಲೋ ಇದ್ದವರಿಗೆ 3 ಕಿಲೋ ಅಂದರೆ ಅಷ್ಟೇ. ಮೂತ್ರ ದಿನಕ್ಕೆ ಎಷ್ಟು ಸಲ, ಯಾವ ಬಣ್ಣ ಅಂತಲೂ ಗಮನಿಸಿ.

ಮೂತ್ರದಲ್ಲಿ ಕೀಟೋನ್ (ಊಟವಿಲ್ಲದೆ ಮೈ ಕೊಬ್ಬು ಕರಗಿಸಿದಾಗ ಬರುವ ವಸ್ತು) ಇದೆಯಾ ಅಂತ ನೋಡಿ ತೀವ್ರತೆ ಅಳೆಯುವ ಅಭ್ಯಾಸ ಇನ್ನೂ ಹಲವೆಡೆ ಇದೆ. ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜು 2024ರ ಮಾರ್ಗಸೂಚಿಯಲ್ಲಿ ಇದನ್ನು ನೆಚ್ಚಬೇಡಿ ಎಂದಿದೆ. ಮೈಯಲ್ಲಿ ನೀರು ಬತ್ತಿದೆಯೋ ಇಲ್ಲವೋ ಎನ್ನುವುದನ್ನು ಕೀಟೋನ್ ಹೇಳುವುದಿಲ್ಲ. ‘ಕೀಟೋನ್ ಇಲ್ಲ, ಹಾಗಾಗಿ ನಿಮಗೇನೂ ಇಲ್ಲ’ ಎಂದು ಯಾರಾದರೂ ಮನೆಗೆ ಕಳಿಸಿದರೆ ನೀವು ಮತ್ತೆ ಕೇಳಬಹುದು.

ಹೊತ್ತಿನ ಲೆಕ್ಕವೂ ಮುಖ್ಯ. ಸಾಮಾನ್ಯವಾಗಿ 4ರಿಂದ 7ನೇ ವಾರದಲ್ಲಿ ಶುರುವಾಗಿ, 9ನೇ ವಾರದ ಆಸುಪಾಸು ಹೆಚ್ಚಾಗಿ, 16ರಿಂದ 20ನೇ ವಾರದ ಹೊತ್ತಿಗೆ ಬಹುತೇಕರಿಗೆ ಇಳಿಯುತ್ತದೆ. ಕೆಲವರಿಗೆ ಹೆರಿಗೆವರೆಗೂ ಬಿಡುವುದಿಲ್ಲ. ಮೊದಲ ತಿಂಗಳುಗಳೆಲ್ಲ ಚೆನ್ನಾಗಿದ್ದು ಆಮೇಲೆ ಹೊಸದಾಗಿ ವಾಂತಿ ಶುರುವಾದರೆ ಅದನ್ನು ಬಸಿರಿನ ಲೆಕ್ಕಕ್ಕೆ ಹಾಕಬೇಡಿ. ಮೂತ್ರದ ಸೋಂಕು, ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್, ಲಿವರ್ ತೊಂದರೆ ಯಾವುದಾದರೂ ಇರಬಹುದು. ತೀವ್ರ ವಾಂತಿ ಇರುವವರಿಗೆ ಸ್ಕ್ಯಾನಿಂಗ್ ಮಾಡುವುದು ಅವಳಿ ಇದೆಯಾ, ಮುತ್ತುಗರ್ಭ (ಮಾಸು ಸರಿಯಾಗಿ ಬೆಳೆಯದೆ ಗುಳ್ಳೆಗಳಂತಾಗುವುದು) ಇದೆಯಾ ಅಂತ ನೋಡಲು. ಈ ಎರಡರಲ್ಲೂ ವಾಂತಿ ಜಾಸ್ತಿ.

ಸುಮ್ನೆ ತಡೆದುಕೊಳ್ಳುವುದು

ಅಂಕ 6ರ ಒಳಗಿದ್ದು, ನೀರು ನಿಲ್ಲುತ್ತಿದ್ದು, ತೂಕ ಇಳಿಯದೇ ಇದ್ದರೆ ಇದು ಸರಿಯಾದ ಆಯ್ಕೆ. ಮಾತ್ರೆಯೇ ಬೇಕೆಂದೇನಿಲ್ಲ. ಸಾಮಾನ್ಯ ಮಟ್ಟದ ವಾಕರಿಕೆ ಇರುವವರಲ್ಲಿ ಗರ್ಭಪಾತ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗಂತ ವಾಂತಿ ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು ಅಂತ ಅರ್ಥವಲ್ಲ.

ಎಚ್‌ಜಿ ಇದ್ದು ತಡೆದುಕೊಂಡರೆ ಏನೇನಾಗುತ್ತದೆ ನೋಡಿ. ಮೈಯ ನೀರು ಬತ್ತುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ತೀರಾ ಇಳಿದರೆ ಎದೆಬಡಿತವೇ ತಾಳ ತಪ್ಪುತ್ತದೆ. ನೀರಿಲ್ಲದ ಮೈ ಹಗಲೂ ರಾತ್ರಿ ಹಾಸಿಗೆಯಲ್ಲೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಬಿ1 ವಿಟಮಿನ್, ಅಂದರೆ ಥಯಾಮಿನ್, ಮೈಯಲ್ಲಿ ಕೂಡಿಟ್ಟಿರುವುದು ಕೆಲವೇ ವಾರಗಳಿಗೆ ಸಾಲುವಷ್ಟು. ಅದು ಖಾಲಿಯಾದರೆ ವರ್ನಿಕೆ ಎನ್ನುವ ಮೆದುಳಿನ ತೊಂದರೆ ಬರಬಹುದು: ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಯೋಚನೆ ಗೊಂದಲವಾಗುವುದು. ಅಪರೂಪ, ಆದರೆ ಬಂದು ತಡವಾದರೆ ಪೂರ್ತಿ ವಾಸಿಯಾಗದೆ ಉಳಿಯಬಹುದು. ಮಗುವಿಗೂ ಲೆಕ್ಕವಿದೆ. ತಾಯಿಯ ತೂಕ ಏರದೇ ಹೋದರೆ ಮಗು ಸಣ್ಣದಾಗಿ ಅಥವಾ ದಿನ ತುಂಬುವ ಮೊದಲೇ ಹುಟ್ಟುವ ಸಾಧ್ಯತೆ ಹೆಚ್ಚು.

ಮನಸ್ಸಿನ ಮಾತು ಬೇರೆ. ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಬಕೆಟ್ ಪಕ್ಕ ಮಲಗಿದವರಿಗೆ ಖಿನ್ನತೆ ಬರುವುದು ಸಾಮಾನ್ಯ. ಬೇಕೆಂದು ಪಡೆದ ಬಸಿರನ್ನೇ ತೆಗೆಸಿಕೊಂಡವರೂ ಇದ್ದಾರೆ. ‘ಮನಸ್ಸು ಗಟ್ಟಿ ಮಾಡ್ಕೊ’ ಎನ್ನುವುದು ಇಲ್ಲಿ ಕೆಲಸಕ್ಕೆ ಬಾರದ ಸಲಹೆ. ಮಾರ್ಲೀನಾ ಫೆಜ್ಸೊ ಎಂಬ ವಿಜ್ಞಾನಿ, ತಾವೇ ಎಚ್‌ಜಿಯಲ್ಲಿ ನರಳಿ ಒಂದು ಮಗುವನ್ನು ಕಳೆದುಕೊಂಡವರು, ಕೇಂಬ್ರಿಜ್‌ನ ಸ್ಟೀಫನ್ ಓ’ರಾಹಿಲಿ ಮತ್ತು ಇತರರ ಜೊತೆ 2023ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಜಿಡಿಎಫ್15 ಎನ್ನುವ ಹಾರ್ಮೋನು ಬಸಿರಿನಲ್ಲಿ ಮಗು ಮತ್ತು ಮಾಸಿನ ಕಡೆಯಿಂದ ತುಂಬಾ ಬರುತ್ತದೆ. ಬಸಿರಿಗೆ ಮೊದಲು ಯಾರ ರಕ್ತದಲ್ಲಿ ಇದು ಕಡಿಮೆ ಇತ್ತೋ ಅವರ ಮೆದುಳಿಗೆ ಈ ಏರಿಕೆ ಜೋರಾಗಿ ತಟ್ಟುತ್ತದೆ. ತಲಸ್ಸೀಮಿಯಾದಂತಹ ರಕ್ತದ ಕಾಯಿಲೆಯಿಂದ ಮೊದಲೇ ಈ ಹಾರ್ಮೋನು ಜಾಸ್ತಿ ಇರುವವರಿಗೆ ಬಸಿರಿನಲ್ಲಿ ವಾಂತಿ ಕಡಿಮೆ. ಧೈರ್ಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಊಟದ ಉಪಾಯ, ಶುಂಠಿ, ಮಣಿಕಟ್ಟಿನ ಪಟ್ಟಿ

ಇವೆಲ್ಲ ಕಡಿಮೆ ಮತ್ತು ಮಧ್ಯಮ ಮಟ್ಟಕ್ಕೆ. ಹೊಟ್ಟೆ ಪೂರ್ತಿ ಖಾಲಿ ಬಿಡದೆ ಸ್ವಲ್ಪ ಸ್ವಲ್ಪ ತಿನ್ನುವುದು, ಏಳುವ ಮೊದಲೇ ಒಣ ಬಿಸ್ಕೆಟ್ ಕಚ್ಚುವುದು, ಬಿಸಿಗಿಂತ ತಣ್ಣನೆಯದು ತಿನ್ನುವುದು (ವಾಸನೆ ಕಡಿಮೆ), ಊಟ ಒಂದು ಹೊತ್ತು ನೀರು ಒಂದು ಹೊತ್ತು ಮಾಡುವುದು. ಪೌಷ್ಟಿಕ ಆಹಾರದ ಚಿಂತೆ ಸದ್ಯಕ್ಕೆ ಬಿಡಿ. ಯಾವುದು ಒಳಗೆ ನಿಲ್ಲುತ್ತದೋ ಅದೇ ಒಳ್ಳೆಯ ಊಟ.

ನೀರಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಬಾಯಾರಿಕೆಗೆ ಒಂದು ಲೋಟ ಗಟಗಟ ಕುಡಿದರೆ ಅಷ್ಟೂ ವಾಪಸ್ ಬರುತ್ತದೆ. ಒಂದು ಟೀ ಚಮಚ ಅಂದರೆ 5 ಮಿಲಿ. ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಐದು ನಿಮಿಷಕ್ಕೊಂದು ಚಮಚ ಬಾಯಿಗೆ ಹಾಕಿ. ಗಂಟೆಗೆ 60 ಮಿಲಿ ಆಯಿತು. ಎಚ್ಚರವಿರುವ 16 ಗಂಟೆ ಹೀಗೇ ಮಾಡಿದರೆ 960 ಮಿಲಿ, ಹತ್ತಿರ ಹತ್ತಿರ ಒಂದು ಲೀಟರ್. ಬರೀ ನೀರು ಒಗ್ಗದಿದ್ದರೆ ಓಆರ್‌ಎಸ್, ಐಸ್ ತುಂಡು ಚೀಪುವುದು, ಹುಳಿಯಾದ ತಣ್ಣನೆ ಪಾನೀಯ, ಯಾವುದಾದರೂ ಸರಿ. ಪಕ್ಕದಲ್ಲಿ ಇರುವವರು ಲೆಕ್ಕ ಬರೆದಿಟ್ಟರೆ ಡಾಕ್ಟರಿಗೆ ಹೇಳುವಾಗ ತುಂಬಾ ಉಪಯೋಗ. ಈ ಒಂದು ಚಮಚವೂ ನಿಲ್ಲುತ್ತಿಲ್ಲ ಎಂದರೆ ಅಡುಗೆಮನೆಯ ಉಪಾಯಗಳ ಸರದಿ ಮುಗಿಯಿತು. ಹೊಸ ಉಪಾಯ ಹುಡುಕುತ್ತಾ ಇನ್ನೊಂದು ದಿನ ಕಳೆಯಬೇಡಿ.

ಶುಂಠಿಗೆ ಸ್ವಲ್ಪ ಆಧಾರವಿದೆ. ಪರೀಕ್ಷೆಗಳಲ್ಲಿ ಕೊಟ್ಟಿದ್ದು ದಿನಕ್ಕೆ ಸುಮಾರು 1 ಗ್ರಾಂ ಒಣ ಶುಂಠಿ, ನಾಲ್ಕು ಪಾಲು ಮಾಡಿ. ತೊಳಸುವುದು ತಗ್ಗಿತು, ವಾಂತಿ ಅಷ್ಟಾಗಿ ತಗ್ಗಲಿಲ್ಲ. ಎಚ್‌ಜಿಗೆ ಇದು ಸಾಲದು, ಎದೆಯುರಿ ಇದ್ದರೆ ಇನ್ನಷ್ಟು ಉರಿ. ಎಚ್‌ಜಿ ಇರುವವರಿಗೆ ‘ಶುಂಠಿ ತಗೊಂಡು ನೋಡಿದ್ಯಾ?’ ಎಂದು ಕೇಳುವ ಆಸೆ ಬಂದರೆ ದಯವಿಟ್ಟು ತಡೆದುಕೊಳ್ಳಿ. ಅವರು ಅದನ್ನು ನೂರು ಸಲ ಕೇಳಿಸಿಕೊಂಡಿರುತ್ತಾರೆ.

ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುಹುರಿಗಳ ನಡುವೆ ಒತ್ತುವ ಪಟ್ಟಿಗಳು ಸಿಗುತ್ತವೆ. ಕೆಲವರಿಗೆ ಹಿತ ಅನಿಸುತ್ತದೆ, ಪರೀಕ್ಷೆಗಳ ಫಲಿತಾಂಶ ಒಂದೇ ಥರ ಇಲ್ಲ, ಹಾನಿಯಂತೂ ಇಲ್ಲ.

ಕಬ್ಬಿಣದ ಮಾತ್ರೆ ನುಂಗಿದಾಗಲೆಲ್ಲ ವಾಂತಿ ಹೆಚ್ಚಾದರೆ, ಕೆಲ ವಾರ ನಿಲ್ಲಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಸಾಮಾನ್ಯವಾಗಿ ಹೂಂ ಎನ್ನುತ್ತಾರೆ. ಫೋಲಿಕ್ ಆಸಿಡ್ ಮಾತ್ರ ಬಿಡಬೇಡಿ, ಅದು ಸಣ್ಣ ಮಾತ್ರೆ.

ಮಾತ್ರೆಯ ಭಯ ಎಲ್ಲಿಂದ ಬಂತು

ಈ ಭಯಕ್ಕೆ ಕಾರಣವಿದೆ, ತಳ್ಳಿಹಾಕುವಂಥದ್ದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡ್ ಎನ್ನುವ ನಿದ್ದೆಯ ಮಾತ್ರೆಯನ್ನು ವಾಂತಿ ತಡೆಯಲು ಬಸುರಿಯರಿಗೂ ಕೊಟ್ಟರು. ಕೈಕಾಲು ಬೆಳೆಯದ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹುಟ್ಟಿದವು. 1961ರ ಕೊನೆಗೆ ಅದನ್ನು ಅಲ್ಲಿನ ಮಾರುಕಟ್ಟೆಯಿಂದ ತೆಗೆದರು. ಬಸಿರಿನಲ್ಲಿ ಮಾತ್ರೆ ಎಂದರೆ ಇಡೀ ಜಗತ್ತು ಬೆಚ್ಚಿಬೀಳುವುದು ಅಂದಿನಿಂದ.

ಆದರೆ ಇನ್ನೊಂದು ಕಥೆಯನ್ನು ಯಾರೂ ಹೇಳುವುದಿಲ್ಲ. ಅಮೆರಿಕದಲ್ಲಿ 1956ರಿಂದ ಬೆಂಡೆಕ್ಟಿನ್ ಎನ್ನುವ ಮಾತ್ರೆ ಇತ್ತು. ಅದರ ಮುಖ್ಯ ಮದ್ದುಗಳು ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್, ಅಂದರೆ ಬಿ6 ವಿಟಮಿನ್. ಮಕ್ಕಳಲ್ಲಿ ದೋಷ ಬರುತ್ತದೆ ಎಂಬ ಆರೋಪದ ಮೇಲೆ ಮೊಕದ್ದಮೆಗಳು ಸಾಲುಗಟ್ಟಿದವು. ಕೋರ್ಟು ಖರ್ಚು ಭರಿಸಲಾಗದೆ 1983ರಲ್ಲಿ ಕಂಪನಿಯೇ ತಯಾರಿಕೆ ನಿಲ್ಲಿಸಿತು. ಆಮೇಲೆ ಏನಾಯಿತು? ಹುಟ್ಟುವ ಮಕ್ಕಳಲ್ಲಿ ದೋಷಗಳು ಕಡಿಮೆ ಆಗಲಿಲ್ಲ. ವಾಂತಿಗಾಗಿ ಆಸ್ಪತ್ರೆ ಸೇರುವ ಬಸುರಿಯರು ಮಾತ್ರ ಹೆಚ್ಚಾದರು. ಪಕ್ಕದ ಕೆನಡಾದಲ್ಲಿ ಅದೇ ಮದ್ದಿನ ಬಳಕೆ ನಡೆದೇ ಇತ್ತು. ಮೂವತ್ತು ವರ್ಷ ಕಳೆದು 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ಜೋಡಿಗೆ ಮತ್ತೆ ಒಪ್ಪಿಗೆ ಕೊಟ್ಟಿತು. ‘ಮದ್ದೇ ಬೇಡ’ ಎನ್ನುವ ಆಯ್ಕೆಯನ್ನು ಒಂದು ದೇಶಕ್ಕೆ ದೇಶವೇ ಪರೀಕ್ಷೆ ಮಾಡಿ ನೋಡಿದಂತಾಯಿತು.

ಯಾವ ಮಾತ್ರೆ ಮೊದಲು

ಹೆಚ್ಚಿನ ಕಡೆ ಮೊದಲು ಬರೆಯುವುದು ಇದೇ ಜೋಡಿಯನ್ನು. 10 ಮಿಲಿಗ್ರಾಂ ಡಾಕ್ಸಿಲಮೈನ್, 10 ಮಿಲಿಗ್ರಾಂ ಬಿ6 ಸೇರಿದ ಮಾತ್ರೆ, ರಾತ್ರಿ ಎರಡರಿಂದ ಶುರು. ಸಾಲದಿದ್ದರೆ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಸೇರಿಸಿ ದಿನಕ್ಕೆ ನಾಲ್ಕರವರೆಗೆ. ಇದು ಹೊಟ್ಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ರಾತ್ರಿ ನುಂಗಿದ್ದು ಬೆಳಗಿನ ತೊಳಸಿಗೆ ಕೆಲಸ ಮಾಡಲಿ ಎಂಬ ಲೆಕ್ಕ. ಹಾಗಾಗಿ ಪುಡಿ ಮಾಡಿ ಕುಡಿಯಬಾರದು. ಮತ್ತು ಬೆಳಗ್ಗೆ ವಾಂತಿ ಶುರುವಾದ ಮೇಲೆ ಒಂದು ನುಂಗಿ ‘ಏನೂ ಪ್ರಯೋಜನ ಆಗ್ಲಿಲ್ಲ’ ಎಂದರೆ ಅದು ಮಾತ್ರೆಯ ತಪ್ಪಲ್ಲ. ತೊಂದರೆ ಎಂದರೆ ನಿದ್ದೆ, ಮಂಪರು, ಬಾಯಿ ಒಣಗುವುದು. ಬರೀ ಬಿ6 ಕಡಿಮೆ ಮಟ್ಟದ ತೊಳಸಿಗೆ ಕೆಲವು ದೇಶಗಳಲ್ಲಿ ಕೊಡುತ್ತಾರೆ. ಬ್ರಿಟನ್ನಿನ ಮಾರ್ಗಸೂಚಿ ಅದೊಂದನ್ನೇ ಕೊಡುವುದನ್ನು ಒಪ್ಪುವುದಿಲ್ಲ, ಎಚ್‌ಜಿಗೆ ಅದು ಸಾಲುವುದೂ ಇಲ್ಲ.

ಸೈಕ್ಲಿಜಿನ್, ಪ್ರೊಮೆಥಜಿನ್, ಪ್ರೊಕ್ಲೋರ್‌ಪೆರಜಿನ್ ಇವೂ ಮೊದಲ ಸಾಲಿನವೇ. ದಶಕಗಳಿಂದ ಬಸುರಿಯರಿಗೆ ಕೊಟ್ಟು ಗೊತ್ತಿರುವ ಮದ್ದುಗಳು. ಎಲ್ಲವೂ ಸ್ವಲ್ಪ ತೂಕಡಿಕೆ ತರುತ್ತವೆ. ರಾತ್ರಿ ನಿದ್ದೆಯೇ ಇಲ್ಲದವರಿಗೆ ಅದೇ ಒಂದು ವರ. ಚಿಕ್ಕ ಮಗುವನ್ನು ನೋಡಿಕೊಳ್ಳಬೇಕಾದವರಿಗೆ, ವಾಹನ ಓಡಿಸುವವರಿಗೆ ಕಷ್ಟ.

ಮೆಟೊಕ್ಲೋಪ್ರಮೈಡ್, ಒಂಡಾನ್ಸೆಟ್ರಾನ್: ಎರಡನೇ ಸಾಲು

ನಿಜವಾದ ಚರ್ಚೆ ನಡೆಯುವುದು ಇಲ್ಲಿ. ಇವೆರಡನ್ನೂ ಎದುರುಬದುರು ಇಟ್ಟು ನೋಡಿದ ಪರೀಕ್ಷೆಗಳಲ್ಲಿ ವಾಂತಿ ತಗ್ಗಿಸುವುದರಲ್ಲಿ ಅಂಥ ದೊಡ್ಡ ವ್ಯತ್ಯಾಸ ಕಂಡಿಲ್ಲ. ವ್ಯತ್ಯಾಸ ಇರುವುದು ಅಡ್ಡಪರಿಣಾಮಗಳಲ್ಲಿ.

ಮೆಟೊಕ್ಲೋಪ್ರಮೈಡ್‌ನಿಂದ ಹುಟ್ಟುವ ಮಗುವಿಗೆ ದೋಷ ಬರುವುದು ಲಕ್ಷಾಂತರ ಬಸುರಿಯರ ದಾಖಲೆಗಳಲ್ಲೂ ಕಂಡುಬಂದಿಲ್ಲ. ಅದರ ಕಾಟ ತಾಯಿಗೆ. ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ, ಅಪರೂಪಕ್ಕೆ ಕತ್ತು ತಿರುಚಿಕೊಳ್ಳುವುದು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುವುದು. ನೋಡಿದವರು ಹೆದರಿಹೋಗುತ್ತಾರೆ, ಆದರೆ ಮದ್ದು ನಿಲ್ಲಿಸಿ ಇನ್ನೊಂದು ಇಂಜೆಕ್ಷನ್ ಕೊಟ್ಟರೆ ಬೇಗ ಇಳಿಯುತ್ತದೆ. ಯುವತಿಯರಲ್ಲಿ ಇದು ಸ್ವಲ್ಪ ಜಾಸ್ತಿ. ಈ ಕಾರಣಕ್ಕೇ ಯುರೋಪಿನ ಔಷಧ ಸಂಸ್ಥೆ 2013ರಲ್ಲಿ ಐದು ದಿನಕ್ಕಿಂತ ಹೆಚ್ಚು ಕೊಡಬೇಡಿ ಎಂದಿತು. ನರದ ಮೂಲಕ ಕೊಡುವಾಗ ಸಿರಿಂಜನ್ನು ಒಂದೇ ಸಲಕ್ಕೆ ಒತ್ತದೆ, ಕನಿಷ್ಠ ಮೂರು ನಿಮಿಷ ಹಿಡಿದು ನಿಧಾನವಾಗಿ ಬಿಟ್ಟರೆ ಚಡಪಡಿಕೆ ಕಡಿಮೆ. ನರ್ಸ್ ಅವಸರದಲ್ಲಿದ್ದರೆ ‘ಸ್ವಲ್ಪ ನಿಧಾನವಾಗಿ ಕೊಡ್ತೀರಾ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಒಂಡಾನ್ಸೆಟ್ರಾನ್ ಮಂಪರು ತರುವುದಿಲ್ಲ, ಅದೇ ಅದರ ದೊಡ್ಡ ಗುಣ. ತರುವುದು ತಲೆನೋವು ಮತ್ತು ಮಲಬದ್ಧತೆ. ಮಲಬದ್ಧತೆ ಅಂದರೆ ಸಣ್ಣದು ಅಂದುಕೊಳ್ಳಬೇಡಿ. ಮೊದಲೇ ಊಟ ನೀರು ಇಲ್ಲದ ಕರುಳು ಪೂರ್ತಿ ಕಟ್ಟಿಕೊಂಡು, ಅದರಿಂದಲೇ ತೊಳಸು ಇನ್ನೂ ಹೆಚ್ಚುತ್ತದೆ. ಇದನ್ನು ಬರೆದ ದಿನವೇ ಮಲ ಸಡಿಲ ಮಾಡುವ ಮದ್ದನ್ನೂ ಬರೆಸಿಕೊಳ್ಳಿ. ಎದೆಬಡಿತದ ತೊಂದರೆ ಇರುವವರು, ಪೊಟ್ಯಾಸಿಯಂ ಇಳಿದಿರುವವರು ಮೊದಲೇ ಹೇಳಬೇಕು.

ಮಗುವಿನ ವಿಷಯ? 2018ರಲ್ಲಿ ಅಮೆರಿಕದ 18 ಲಕ್ಷ ಬಸಿರುಗಳ ದಾಖಲೆ ನೋಡಿದ ಅಧ್ಯಯನ ಬಂತು. ಹೃದಯದ ದೋಷ ಹೆಚ್ಚಾಗುತ್ತದೆ ಎನ್ನುವುದಕ್ಕೆ ಆಧಾರ ಸಿಗಲಿಲ್ಲ. ಸೀಳು ತುಟಿ, ಸೀಳು ಅಂಗುಳ ಸ್ವಲ್ಪ ಹೆಚ್ಚಿತ್ತು: ಮೊದಲ ಮೂರು ತಿಂಗಳಲ್ಲಿ ತೆಗೆದುಕೊಳ್ಳದವರ 10,000 ಮಕ್ಕಳಲ್ಲಿ 11, ತೆಗೆದುಕೊಂಡವರ 10,000 ಮಕ್ಕಳಲ್ಲಿ 14. ಅಂದರೆ ಹತ್ತು ಸಾವಿರಕ್ಕೆ ಮೂರು ಹೆಚ್ಚು. ಈ ಅಂಕಿಯನ್ನು ನೋಡಿ ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಮೊದಲ ಮೂರು ತಿಂಗಳು ಬೇಡ ಎಂದಿತು. ಬ್ರಿಟನ್ನಿನ ಪ್ರಸೂತಿ ತಜ್ಞರು ಅದೇ ಅಂಕಿ ನೋಡಿ, ಉಳಿದದ್ದು ಕೆಲಸ ಮಾಡದಿದ್ದರೆ ವಿಷಯ ತಿಳಿಸಿ ಕೊಡಬಹುದು ಎಂದರು. ನನಗೆ ಎರಡನೆಯದೇ ಸರಿ ಕಾಣುತ್ತದೆ. ಮೊದಲ ಸಾಲಿನ ಮದ್ದು ಫಲಿಸಿದರೆ ಇದರ ಹತ್ತಿರ ಹೋಗುವುದೇ ಬೇಡ. ಫಲಿಸದೆ ತೂಕ ಇಳಿಯುತ್ತಲೇ ಇದ್ದರೆ, ಹತ್ತು ಸಾವಿರದಲ್ಲಿ ಮೂರಕ್ಕೆ ಹೆದರಿ ಕೂರುವುದು ಲೆಕ್ಕ ತಪ್ಪಿದಂತೆ. 12ನೇ ವಾರದ ಹೊತ್ತಿಗೆ ಅಂಗುಳ ಕೂಡಿಕೊಂಡಿರುತ್ತದೆ, ಆಮೇಲೆ ಆ ಭಯವೂ ಇಲ್ಲ.

ಬದಲಾಯಿಸುವುದಾ, ಸೇರಿಸುವುದಾ

ಜನ ಹೆಚ್ಚಾಗಿ ಎಡವುವುದು ಇಲ್ಲೇ ಅಂತ ನನ್ನ ಅನಿಸಿಕೆ. ಒಂದು ಮಾತ್ರೆ ಎರಡು ದಿನ, ಕೆಲಸ ಮಾಡಲಿಲ್ಲ, ಬಿಟ್ಟೆ. ಇನ್ನೊಂದು ಎರಡು ದಿನ, ಅದನ್ನೂ ಬಿಟ್ಟೆ. ಕೊನೆಗೆ ‘ನನಗೆ ಯಾವುದೂ ಹಿಡಿಯುವುದಿಲ್ಲ’. ಈ ಮದ್ದುಗಳು ಮೆದುಳಿನಲ್ಲಿ ಬೇರೆ ಬೇರೆ ಕಡೆ ಕೆಲಸ ಮಾಡುತ್ತವೆ. ಒಂದು ಅರ್ಧ ಫಲಿಸಿದರೆ ಅದನ್ನು ಬಿಡದೆ ಇನ್ನೊಂದನ್ನು ಮೇಲೆ ಸೇರಿಸುವುದು ವಾಡಿಕೆ. ಡಾಕ್ಟರೇ ನೋಡಿ ಸೇರಿಸಬೇಕು, ಏಕೆಂದರೆ ಕೆಲವು ಜೋಡಿಗಳು ಒಟ್ಟಿಗೆ ಆಗಿಬರುವುದಿಲ್ಲ. ಮತ್ತು ‘ಬೇಕಾದಾಗ’ ತೆಗೆದುಕೊಳ್ಳುವುದಕ್ಕಿಂತ ಗಡಿಯಾರ ನೋಡಿ ಹೊತ್ತು ಹೊತ್ತಿಗೆ ತೆಗೆದುಕೊಳ್ಳುವುದು ಮೇಲು. ಒಂದು ದಿನ ಚೆನ್ನಾಗಿದೆ ಅಂತ ನಿಲ್ಲಿಸಿದರೆ ಮಾರನೇ ದಿನ ಮತ್ತೆ ಬಕೆಟ್ ಪಕ್ಕ.

ಯಾವ ಮದ್ದು ಅನ್ನುವಷ್ಟೇ ಮುಖ್ಯ, ಯಾವ ರೂಪದಲ್ಲಿ ಅನ್ನುವುದು. ನುಂಗಿದ ಹತ್ತೇ ನಿಮಿಷಕ್ಕೆ ವಾಂತಿಯಲ್ಲಿ ಮಾತ್ರೆ ಹಾಗೇ ಹೊರಬಿದ್ದರೆ, ಮದ್ದು ಸೋತಿಲ್ಲ, ಒಳಗೇ ಹೋಗಿಲ್ಲ. ನಾಲಿಗೆ ಮೇಲೆ ಕರಗುವ ಒಂಡಾನ್ಸೆಟ್ರಾನ್ ಇದೆ, ಒಸಡಿನ ಪಕ್ಕ ಇಟ್ಟುಕೊಳ್ಳುವ ಪ್ರೊಕ್ಲೋರ್‌ಪೆರಜಿನ್ ಇದೆ, ಗುದದ್ವಾರದಲ್ಲಿ ಇಡುವ ಮಾತ್ರೆಗಳಿವೆ, ಇಂಜೆಕ್ಷನ್ ಇದೆ. ಕೊನೆಯ ಎರಡನ್ನು ಕೇಳಲು ಸಂಕೋಚ ಬೇಡ. ಬಾಯಿಂದ ಏನೂ ನಿಲ್ಲದವರಿಗೆ ಅವೇ ಗತಿ. ಎದೆಯುರಿ ಇದ್ದರೆ ಆಸಿಡ್ ತಗ್ಗಿಸುವ ಮಾತ್ರೆ ಜೊತೆಗಿರಲಿ, ಎಷ್ಟೋ ಸಲ ಅರ್ಧ ತೊಳಸು ಅದರಿಂದಲೇ ಇಳಿಯುತ್ತದೆ.

ಡ್ರಿಪ್: ದಿನಕ್ಕೆ ಬಂದು ಹೋಗುವುದಾ, ಅಡ್ಮಿಟ್ ಆಗುವುದಾ

ನೀರು ನಿಲ್ಲದವರಿಗೆ ಡ್ರಿಪ್ ಬೇಕೇ ಬೇಕು. ಬೆಳಗ್ಗೆ ಬಂದು ಕೆಲವು ಗಂಟೆ ಡ್ರಿಪ್ ಮತ್ತು ಇಂಜೆಕ್ಷನ್ ತೆಗೆದುಕೊಂಡು ಸಂಜೆ ಮನೆಗೆ ಹೋಗುವ ಡೇ ಕೇರ್ ವ್ಯವಸ್ಥೆಯನ್ನು, ಅಡ್ಮಿಟ್ ಮಾಡಿಕೊಳ್ಳುವುದರ ಜೊತೆ ಹೋಲಿಸಿ ಐರ್ಲೆಂಡಿನಲ್ಲಿ ಪರೀಕ್ಷೆ ನಡೆಸಿದ್ದಾರೆ, ಫಲಿತಾಂಶ 2014ರಲ್ಲಿ ಬಂತು. ಡೇ ಕೇರ್‌ನವರು ಆಸ್ಪತ್ರೆಯಲ್ಲಿ ಕಳೆದ ರಾತ್ರಿಗಳು ಕಡಿಮೆ, ಚಿಕಿತ್ಸೆ ಬಗ್ಗೆ ಸಮಾಧಾನವೇನೂ ಕಡಿಮೆ ಆಗಲಿಲ್ಲ. ಮನೆ ಹತ್ತಿರವಿದ್ದು, ಕರೆದುಕೊಂಡು ಬರುವವರಿದ್ದು, ಪ್ರಯಾಣದಲ್ಲೇ ಹೈರಾಣಾಗದಿದ್ದರೆ ನಾನು ಇದನ್ನೇ ಆರಿಸುತ್ತೇನೆ.

ಅಡ್ಮಿಟ್ ಆಗಬೇಕಾದದ್ದು ಯಾವಾಗ? ಇಂಜೆಕ್ಷನ್ ಕೊಟ್ಟರೂ ವಾಂತಿ ನಿಲ್ಲದಿದ್ದರೆ, ತೂಕ ಇಳಿಯುತ್ತಲೇ ಇದ್ದರೆ, ರಕ್ತದ ವರದಿಯಲ್ಲಿ ಪೊಟ್ಯಾಸಿಯಂ ಸೋಡಿಯಂ ಏರುಪೇರಾಗಿದ್ದರೆ, ಜೊತೆಗೆ ಸೋಂಕು ಇದ್ದರೆ, ಅಥವಾ ಸಕ್ಕರೆ ಕಾಯಿಲೆ, ಮೂರ್ಛೆರೋಗದಂತಹವುಗಳಿಗೆ ತಪ್ಪಿಸಲಾಗದ ಮಾತ್ರೆಗಳಿದ್ದು ಅವೂ ನಿಲ್ಲದಿದ್ದರೆ. ಅಡ್ಮಿಟ್ ಆದವರಿಗೆ ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಸಣ್ಣ ಇಂಜೆಕ್ಷನ್ ಕೊಡುವುದುಂಟು, ಗಾಬರಿ ಬೇಡ.

ಡ್ರಿಪ್ ಬಾಟಲಿಯಲ್ಲಿ ಏನಿದೆ ಎನ್ನುವುದು ಮುಖ್ಯ. ಡ್ರಿಪ್ ಅಂದಕೂಡಲೇ ಗ್ಲೂಕೋಸ್ ಅಂತ ಎಲ್ಲರ ತಲೆಯಲ್ಲಿ ಕೂತಿದೆ, ‘ಶಕ್ತಿ ಬರುತ್ತೆ’ ಅಂತ. ಎಚ್‌ಜಿಯಲ್ಲಿ ಮೊದಲು ಬೇಕಾದದ್ದು ಉಪ್ಪುನೀರಿನ ನಾರ್ಮಲ್ ಸಲೈನ್, ವರದಿ ನೋಡಿಕೊಂಡು ಅದರಲ್ಲಿ ಪೊಟ್ಯಾಸಿಯಂ. ಥಯಾಮಿನ್ ಖಾಲಿಯಾದ ಮೈಗೆ ಮೊದಲೇ ಗ್ಲೂಕೋಸ್ ಹರಿಸಿದರೆ, ಅದನ್ನು ಕರಗಿಸಲು ಇದ್ದಬದ್ದ ಥಯಾಮಿನ್ನೂ ಖರ್ಚಾಗಿ, ಮೇಲೆ ಹೇಳಿದ ವರ್ನಿಕೆ ಬರಬಹುದು. ಗ್ಲೂಕೋಸ್ ಕೊಡಲೇಬೇಕಿದ್ದರೆ ಥಯಾಮಿನ್ ಮೊದಲು. ಪಕ್ಕದಲ್ಲಿ ಕೂತವರು ‘ಬಿ1 ಕೊಟ್ಟಿದ್ದೀರಾ?’ ಎಂದು ಒಂದು ಮಾತು ಕೇಳಲಿ.

ಕೆಲವು ಕಡೆ ಮನೆಯಲ್ಲೇ ಡ್ರಿಪ್ ಹಾಕುವ ಏರ್ಪಾಡೂ ಇದೆ. ತಿಂಗಳುಗಟ್ಟಲೆ ಬೇಕಾದವರಿಗೆ ತೋಳಿನಿಂದ ದೊಡ್ಡ ರಕ್ತನಾಳದವರೆಗೆ ಹೋಗುವ ಪಿಕ್ ಲೈನ್ ಹಾಕುತ್ತಾರೆ. ಪದೇ ಪದೇ ಸೂಜಿ ಚುಚ್ಚುವುದು ತಪ್ಪುತ್ತದೆ, ನಿಜ. ಆದರೆ ಅದರಲ್ಲಿ ಸೋಂಕು ಆಗುವುದು, ರಕ್ತ ಹೆಪ್ಪುಗಟ್ಟುವುದು ಕಡಿಮೆಯೇನಲ್ಲ. ಅನುಕೂಲಕ್ಕೆ ಅಂತ ಆರಿಸುವಂಥದ್ದಲ್ಲ.

ಕೊನೆಯ ಮೆಟ್ಟಿಲುಗಳು

ಇವೆಲ್ಲ ಸೋತಾಗ ಸ್ಟೆರಾಯ್ಡ್. ಮೊದಲು ನರದ ಮೂಲಕ, ಆಮೇಲೆ ಪ್ರೆಡ್ನಿಸೊಲೋನ್ ಮಾತ್ರೆ, ನಿಧಾನವಾಗಿ ಇಳಿಸುತ್ತಾ. ಸೀಳು ಅಂಗುಳದ ಅನುಮಾನ ಇರುವುದರಿಂದ ಆದಷ್ಟು 10ನೇ ವಾರದ ನಂತರ. ತಟ್ಟನೆ ನಿಲ್ಲಿಸಬಾರದು. ಮೂಗಿನ ಕೊಳವೆಯಿಂದ ಆಹಾರ ಕೊಡುವುದನ್ನು ಎಲ್ಲರಿಗೂ ಬೇಗ ಶುರುಮಾಡಿದರೆ ಮಗುವಿನ ತೂಕ ಹೆಚ್ಚುತ್ತದಾ ಎಂದು ನೆದರ್‌ಲ್ಯಾಂಡ್ಸ್‌ನಲ್ಲಿ ನೋಡಿದರು, ಹೆಚ್ಚಲಿಲ್ಲ, ಎಷ್ಟೋ ಜನ ಕೊಳವೆಯನ್ನೇ ತಡೆದುಕೊಳ್ಳಲಿಲ್ಲ. ಹಾಗಾಗಿ ಬೇರೆ ದಾರಿಯೇ ಇಲ್ಲದವರಿಗೆ ಮಾತ್ರ.

ಯೋಚಿಸುತ್ತಾ ಕೂರಬಾರದ ಹೊತ್ತು

24 ಗಂಟೆ ಒಂದು ಗುಟುಕೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವೇ ಬರದಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬಂದು ಬೀಳುವಂತಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಜ್ವರ ಅಥವಾ ಹೊಟ್ಟೆನೋವು ಇದ್ದರೆ ಅವತ್ತೇ ಆಸ್ಪತ್ರೆಗೆ. ಕಾಲು ಒಂದೇ ಕಡೆ ಊದಿ ನೋಯುವುದು, ಉಸಿರು ಕಟ್ಟುವುದು, ದೃಷ್ಟಿ ಎರಡಾಗುವುದು, ನಡಿಗೆ ತೂರಾಡುವುದು ಕಂಡರೆ ಬೆಳಗಾಗಲಿ ಅಂತಲೂ ಕಾಯಬೇಡಿ. ಹೋಗುವಾಗ ಎಷ್ಟನೇ ವಾರ, ಎಷ್ಟು ಕಿಲೋ ಇಳಿದಿದೆ, ಕೊನೆಯ ಸಲ ಮೂತ್ರ ಯಾವಾಗ, ಯಾವ ಮಾತ್ರೆ ಎಷ್ಟು ದಿನ ತೆಗೆದುಕೊಂಡಿದ್ದೀರಿ, ಇಷ್ಟನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ‘ತುಂಬಾ ವಾಂತಿ’ ಎಂದರೆ ಕೇಳಿಸಿಕೊಳ್ಳದವರೂ ‘ಎರಡು ವಾರದಲ್ಲಿ 4 ಕಿಲೋ’ ಎಂದರೆ ತಲೆ ಎತ್ತಿ ನೋಡುತ್ತಾರೆ.

ಮುಂದಿನ ಸಲಕ್ಕೆ

ಒಮ್ಮೆ ಎಚ್‌ಜಿ ಬಂದವರಿಗೆ ಮುಂದಿನ ಬಸಿರಿನಲ್ಲೂ ಬರುವ ಸಾಧ್ಯತೆ ಜಾಸ್ತಿ, ಎಲ್ಲರಿಗೂ ಬಂದೇ ಬರುತ್ತದೆ ಅಂತಲ್ಲ. ಈಗಲೇ ಒಂದು ಚೀಟಿ ಮಾಡಿಡಿ: ಯಾವ ಮದ್ದು ಹಿಡಿಯಿತು, ಯಾವುದು ಚಡಪಡಿಕೆ ತಂದಿತು, ಯಾವ ವಾರ ಶುರು, ಯಾವ ವಾರ ಇಳಿಯಿತು. ಮುಂದಿನ ಸಲ ಬಸಿರು ಗೊತ್ತಾದ ಕೂಡಲೇ, ವಾಂತಿ ಶುರುವಾಗುವ ಮುಂಚೆಯೇ ಡಾಕ್ಸಿಲಮೈನ್-ಬಿ6 ತೆಗೆದುಕೊಂಡವರಿಗೆ ತೀವ್ರತೆ ಕಡಿಮೆಯಾದದ್ದು ಒಂದು ಸಣ್ಣ ಪರೀಕ್ಷೆಯಲ್ಲಿ ಕಂಡಿದೆ. ಮಗು ಬೇಕು ಎಂದು ಯೋಚನೆ ಶುರುವಾದಾಗಲೇ ಆ ಚೀಟಿ ಹಿಡಿದು ಡಾಕ್ಟರನ್ನು ಕಂಡು, ಮೊದಲ ಮಾತ್ರೆಯ ಚೀಟಿಯನ್ನು ಮುಂಗಡವಾಗಿ ಬರೆಸಿಕೊಳ್ಳಬಹುದು.